ಬಾನೆಟ್ ಎತ್ತಿದಾಗ: ಮಾಡೆಲ್ ಕಾರಿನ ಎಂಜಿನ್ ಕುರಿತು ಓದುಗರ ಪ್ರಶ್ನೆಗಳು

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ಎಂಜಿನ್‌ಗೆ ಸಂಬಂಧಿಸಿದವು. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಪುಟ್ಟ ಎಂಜಿನ್ ಆಟಿಕೆಯಂತೆ ಕಾಣಲು ಮುಖ್ಯ ಕಾರಣ ದಪ್ಪ. ದಪ್ಪ ತಂತಿ, ದಪ್ಪ ಪೈಪು, ದಪ್ಪ ಬಣ್ಣ. ಆದ್ದರಿಂದ ಕೆಳಗಿನ ಉತ್ತರಗಳಲ್ಲೆಲ್ಲ ಅಸಲಿ ಭಾಗದ ಅಳತೆಯನ್ನು ಸ್ಕೇಲಿನಿಂದ (1/25 ಎಂದರೆ ಅಸಲಿಯ ಇಪ್ಪತ್ತೈದನೇ ಒಂದು ಭಾಗ, ಆದ್ದರಿಂದ 25ರಿಂದ) ಭಾಗಿಸಿ, ಆ ಸಂಖ್ಯೆಗೆ ಹೊಂದುವ ವಸ್ತುವನ್ನು ಹುಡುಕಿದ್ದೇವೆ. ಕೈಯಲ್ಲೊಂದು ಡಿಜಿಟಲ್ ಕ್ಯಾಲಿಪರ್ ಇರಲಿ.

ಪ್ರಶ್ನೆ: 1/25 ಸ್ಕೇಲಿನ 1969ರ ಕ್ಯಾಮರೋ ಕಿಟ್ ಜೋಡಿಸುತ್ತಿದ್ದೇನೆ. ಅದರ ಷೆವ್ರೊಲೆ 350 ವಿ-8 ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ವೈರ್ ಹಾಕಬೇಕು. ಯಾವ ತಂತಿ ಕೊಳ್ಳಲಿ? ಯಾವ ವೈರ್ ಯಾವ ಸಿಲಿಂಡರ್‌ಗೆ? — ಓದುಗರು, ಹುಬ್ಬಳ್ಳಿ

ಕಾರ್ಖಾನೆಯಿಂದ ಬಂದ ಪ್ಲಗ್ ವೈರ್ 7 ಮಿ.ಮೀ. ದಪ್ಪ, ರೇಸಿಂಗ್‌ಗೆಂದು ಹಾಕುವುದು 8 ಮಿ.ಮೀ. ಎರಡನ್ನೂ 25ರಿಂದ ಭಾಗಿಸಿದರೆ 0.28 ಮತ್ತು 0.32 ಮಿ.ಮೀ. ಇದಕ್ಕೆ ವಿದೇಶದಿಂದ ಏನನ್ನೂ ತರಿಸಬೇಕಿಲ್ಲ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುವ ಎನಾಮಲ್ ತಾಮ್ರದ ತಂತಿಯಲ್ಲಿ 32ನೇ ಗೇಜ್ 0.274 ಮಿ.ಮೀ., 30ನೇ ಗೇಜ್ 0.315 ಮಿ.ಮೀ. ಇರುತ್ತದೆ. ಹೇಳಿ ಮಾಡಿಸಿದಂತಿರುವ ಅಳತೆ. ಅಲ್ಲಿ ತೂಕದ ಲೆಕ್ಕದಲ್ಲಿ ಕೊಡುತ್ತಾರೆ. 30ನೇ ಗೇಜಿನದು 10 ಗ್ರಾಂ ಕೊಂಡರೆ ಸುಮಾರು 14 ಮೀಟರ್ ಬರುತ್ತದೆ, ಒಂದು ಎಂಜಿನ್‌ಗೆ ಅರ್ಧ ಮೀಟರ್ ಧಾರಾಳ. ಎಲೆಕ್ಟ್ರಾನಿಕ್ಸ್ ಅಂಗಡಿಯ ಸಾಮಾನ್ಯ ಹುಕ್‌ಅಪ್ ವೈರ್ 1 ಮಿ.ಮೀ.ಗೂ ಮೀರಿದ ದಪ್ಪದ್ದು. ಅದನ್ನು ಹಾಕಿದರೆ ಅಸಲಿ ಕಾರಿನಲ್ಲಿ ಪ್ಲಗ್‌ಗಳಿಗೆ ತೋಟದ ಪೈಪು ಸಿಕ್ಕಿಸಿದ ಹಾಗೆ ಕಾಣುತ್ತದೆ.

ತಂತಿಯನ್ನು ಬಳಸುವ ಮೊದಲು ಒಂದು ತುದಿಯನ್ನು ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಎಳೆದು ನೆಟ್ಟಗೆ ಮಾಡಿ. 1200 ನಂಬರಿನ ಎಮರಿ ಪೇಪರ್‌ನಲ್ಲಿ ಒಮ್ಮೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪ್ರೈಮರ್ ಕೊಟ್ಟು ಬಣ್ಣ ಹಚ್ಚಿ. ಪ್ರೈಮರ್ ಬಿಟ್ಟರೆ ತಂತಿ ಬಾಗಿಸಿದಲ್ಲಿ ಬಣ್ಣ ಸಿಪ್ಪೆ ಏಳುತ್ತದೆ. ಕಾರ್ಖಾನೆಯ ಕ್ಯಾಮರೋಗೆ ಕಪ್ಪು ಬಣ್ಣವೇ ಸರಿ. ಕೆಂಪು, ಹಳದಿ, ನೀಲಿ ವೈರ್‌ಗಳು ಮಾರ್ಪಡಿಸಿದ ಕಾರುಗಳಿಗೆ ಹೊಂದುತ್ತವೆ. ಪ್ಲಗ್ ತುದಿಯ ರಬ್ಬರ್ ಬೂಟ್‌ಗಾಗಿ ತಂತಿಯ ಕೊನೆಯ 2 ಮಿ.ಮೀ.ನಷ್ಟನ್ನು ಗಟ್ಟಿ ಅಕ್ರಿಲಿಕ್ ಬಣ್ಣದಲ್ಲಿ ಮೂರು ಸಲ ಅದ್ದಿ, ಪ್ರತಿ ಸಲವೂ ತಲೆಕೆಳಗಾಗಿ ತೂಗುಹಾಕಿ ಒಣಗಿಸಿ. 0.5 ಮಿ.ಮೀ. ಆಸುಪಾಸಿಗೆ ಬಂದರೆ ಸಾಕು.

ಇನ್ನು ಡಿಸ್ಟ್ರಿಬ್ಯೂಟರ್, ಅಂದರೆ ಪ್ಲಗ್‌ಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಭಾಗ. ಕಿಟ್‌ನಲ್ಲಿ ಬರುವುದು ಸಾಮಾನ್ಯವಾಗಿ ಬರಿಯ ಮೊಂಡು ತುಂಡು. ಅದನ್ನು ಕತ್ತರಿಸಿ 3.2 ಮಿ.ಮೀ. ಸ್ಟೈರೀನ್ (ಕಿಟ್‌ನದೇ ಬಗೆಯ ಪ್ಲಾಸ್ಟಿಕ್) ಕಡ್ಡಿಯಲ್ಲಿ ಹೊಸದು ಮಾಡುವುದೇ ಲೇಸು. ಎರಡು ದಾರಿಗಳಿವೆ. ಕೈ ಪಳಗಿದವರು ಕಡ್ಡಿಯ ತಲೆಯ ಮೇಲೆ 2.2 ಮಿ.ಮೀ. ವ್ಯಾಸದ ವೃತ್ತ ಎಳೆದು, 45 ಡಿಗ್ರಿಗೊಂದರಂತೆ ಎಂಟು ತೂತು, ನಡುವೆ ಕಾಯಿಲ್ ವೈರ್‌ಗೆ ಒಂಬತ್ತನೆಯದು, ಎಲ್ಲವನ್ನೂ 0.35 ಮಿ.ಮೀ. ಬಿಟ್‌ನಲ್ಲಿ ಕೊರೆಯಬಹುದು. ಪ್ರತಿ ತೂತಿನ ಜಾಗದಲ್ಲೂ ಮೊದಲು ಸೂಜಿಯಿಂದ ಗುಳಿ ಒತ್ತಿಕೊಳ್ಳಿ, ಇಲ್ಲದಿದ್ದರೆ ಬಿಟ್ ಜಾರಿ ಪಕ್ಕದ ತೂತಿಗೇ ಸೇರಿಬಿಡುತ್ತದೆ. ಎರಡನೆಯ ದಾರಿ ಸುಲಭ. ನಡುವೆ 1.25 ಮಿ.ಮೀ.ನ ಒಂದೇ ತೂತು, 2 ಮಿ.ಮೀ. ಆಳಕ್ಕೆ. 0.5 ಮಿ.ಮೀ. ದಪ್ಪದ ಒಂದು ತಂತಿಯನ್ನು ನಡುವಿಟ್ಟು ಸುತ್ತಲೂ ಎಂಟು ವೈರ್ ನಿಲ್ಲಿಸಿದರೆ ಆ ಕಟ್ಟಿನ ಹೊರ ವ್ಯಾಸ ಸುಮಾರು 1.15 ಮಿ.ಮೀ. ಆಗುತ್ತದೆ. ಒಂದು ಹನಿ ಅಂಟಿಗೆ ಕಟ್ಟು ಕೂತುಬಿಡುತ್ತದೆ. ನಡುವಿನ ತಂತಿಯೇ ಕಾಯಿಲ್ ವೈರ್. ಮೊದಲ ಎಂಜಿನ್‌ಗೆ ಈ ಎರಡನೆಯದನ್ನೇ ಮಾಡಿ.

ಈಗ ಕ್ರಮ. ಷೆವ್ರೊಲೆ ಸ್ಮಾಲ್‌ಬ್ಲಾಕ್‌ನಲ್ಲಿ (ನಿಮ್ಮ 350 ಸೇರುವ ವಿ-8 ಮನೆತನ) ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಹಿಂಬದಿಯಲ್ಲಿದೆ. ಅಮೆರಿಕದ ಕಾರಿನ ಚಾಲಕನ ಕಡೆ, ಅಂದರೆ ಎಡ ಸಾಲಿನಲ್ಲಿ, ಮುಂದಿನಿಂದ ಹಿಂದಕ್ಕೆ 1, 3, 5, 7. ಬಲ ಸಾಲಿನಲ್ಲಿ 2, 4, 6, 8. ಕಿಡಿ ಹಾರುವ ಕ್ರಮ 1-8-4-3-6-5-7-2. ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಕಾರಿನ ಮೂತಿ ಮೇಲಕ್ಕೆ ಬರುವಂತೆ ಇಟ್ಟುಕೊಂಡು, ಗಡಿಯಾರದಲ್ಲಿ 11 ಗಂಟೆ ಇರುವ ಕಡೆಯ ಟರ್ಮಿನಲ್‌ಗೆ 1 ಎಂದು ಗುರುತು ಮಾಡಿ, ಅಲ್ಲಿಂದ ಎಣಿಸುತ್ತ ಹೋಗಿ. ಎರಡು ವೈರ್‌ಗಳು ಒಂದರ ಮೇಲೊಂದು ದಾಟಿ ಹೋಗುತ್ತವೆ, ಹೋಗಲಿ, ಅಸಲಿಯಲ್ಲೂ ಹಾಗೆಯೇ.

ಬಲ್ಲವರು ಹುಡುಕುವ ಒಂದು ಸೂಕ್ಷ್ಮ ಇದೆ. 5 ಮತ್ತು 7 ಪಕ್ಕಪಕ್ಕದ ಸಿಲಿಂಡರ್‌ಗಳು, ಕಿಡಿಯೂ ಒಂದರ ಹಿಂದೊಂದು. ಆ ಎರಡು ವೈರ್ ಅಂಟಿಕೊಂಡು ಸಾಗಿದರೆ ಒಂದರ ವಿದ್ಯುತ್ತು ಇನ್ನೊಂದರಲ್ಲಿ ಪ್ರೇರಿತವಾಗಿ ಅಕಾಲದಲ್ಲಿ ಕಿಡಿ ಹಾರಬಹುದು. ಅದಕ್ಕೇ ಮೆಕ್ಯಾನಿಕ್‌ಗಳು ಅವೆರಡನ್ನೂ ದೂರ ಇಡುತ್ತಾರೆ. ನಿಮ್ಮ ಮಾಡೆಲ್‌ನಲ್ಲೂ ಅವೆರಡರ ನಡುವೆ 1 ಮಿ.ಮೀ. ಬೆಳಕು ಕಾಣಲಿ.

ಹೆಡ್‌ನಲ್ಲಿ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಪ್ಲಗ್ ತೂತು 1 ಮಿ.ಮೀ. ಆಳ ಸಾಕು. ಜಾಗ: ಎಕ್ಸಾಸ್ಟ್ ಪೋರ್ಟ್‌ಗಳಿಗಿಂತ (ಹೊಗೆ ಹೊರಬರುವ ಕಿಂಡಿಗಳು) ತುಸು ಕೆಳಗೆ, ಬ್ಲಾಕ್ ಸೇರುವ ಅಂಚಿನ ಹತ್ತಿರ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅಂಟಿಸಿದ ಮೇಲೆ ಪಿನ್ ವೈಸ್ (ಬೆರಳಿನಿಂದ ತಿರುಗಿಸುವ ಪುಟ್ಟ ಡ್ರಿಲ್) ಅಲ್ಲಿಗೆ ಹೋಗುವುದೇ ಇಲ್ಲ, ಆದ್ದರಿಂದ ತೂತು ಮೊದಲು, ಬಣ್ಣ ಆಮೇಲೆ, ವೈರ್ ಕೊನೆಗೆ. ಡಿಸ್ಟ್ರಿಬ್ಯೂಟರ್ ತುದಿಯನ್ನು ಮೊದಲು ಅಂಟಿಸಿ, ಉದ್ದಕ್ಕೆ 5 ಮಿ.ಮೀ. ಹೆಚ್ಚು ಬಿಟ್ಟುಕೊಂಡು, ಪ್ಲಗ್ ತುದಿಯನ್ನು ಜಾಗದಲ್ಲೇ ಅಳೆದು ಕತ್ತರಿಸಿ. ಬೂಟ್‌ಗಳನ್ನು ಅದ್ದುವುದು ಈ ಕತ್ತರಿಕೆಯ ನಂತರ.

ಪ್ರಶ್ನೆ: 1/25 ಕಿಟ್‌ನ ಎಂಜಿನನ್ನು 1/24 ಕಾರಿಗೆ ಹಾಕಬಹುದೇ? — ಓದುಗರು, ತುಮಕೂರು

ಹಾಕಬಹುದು. ವ್ಯತ್ಯಾಸ ನೂರಕ್ಕೆ ನಾಲ್ಕರಷ್ಟು. ಷೆವ್ರೊಲೆ ಸ್ಮಾಲ್‌ಬ್ಲಾಕ್‌ನಲ್ಲಿ ಒಂದು ಬೋರ್ (ಸಿಲಿಂಡರಿನ ಕೊಳವೆ) ನಡುವಿನಿಂದ ಪಕ್ಕದ್ದರ ನಡುವಿಗೆ 4.4 ಇಂಚು, ಅಂದರೆ 111.76 ಮಿ.ಮೀ. ಮೊದಲ ಬೋರ್‌ನಿಂದ ನಾಲ್ಕನೆಯದಕ್ಕೆ 1/25ರಲ್ಲಿ 13.4 ಮಿ.ಮೀ., 1/24ರಲ್ಲಿ 14 ಮಿ.ಮೀ. ಈ ಅರ್ಧ ಮಿಲಿಮೀಟರ್ ಬರಿಗಣ್ಣಿಗೆ ತಿಳಿಯದು. ಆದರೆ ಒಂದೇ ಎಂಜಿನ್ನಿನಲ್ಲಿ ಎರಡು ಸ್ಕೇಲಿನ ಭಾಗಗಳನ್ನು ಬೆರೆಸಬೇಡಿ. 1/24ರ ಇನ್‌ಟೇಕ್ ಮ್ಯಾನಿಫೋಲ್ಡ್ 1/25ರ ಹೆಡ್‌ಗಳ ನಡುವೆ ಕೂರದೆ ಮೇಲಕ್ಕೆ ಎದ್ದು ನಿಲ್ಲುತ್ತದೆ.

ಪ್ರಶ್ನೆ: ಅಂಬಾಸಿಡರ್ ಆಟಿಕೆ ಕಾರೊಂದನ್ನು ಮಾಡೆಲ್ ಆಗಿ ಬದಲಾಯಿಸುತ್ತಿದ್ದೇನೆ. ಬಾನೆಟ್ ಕತ್ತರಿಸಿ ತೆರೆದಾಯಿತು, ಒಳಗೆ ಖಾಲಿ. ಎಂಜಿನ್ ಮೊದಲಿನಿಂದ ಕಟ್ಟುವುದು ಹೇಗೆ? — ಓದುಗರು, ಶಿವಮೊಗ್ಗ

ಬಹಳ ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ಉತ್ತರಪಾರಾದ ಕಾರ್ಖಾನೆಯಲ್ಲಿ 2014ರವರೆಗೂ ತಯಾರಾದ ಈ ಕಾರಿನ ಎಂಜಿನ್ನಿಗೆ ನೋಡಿ ಅಳೆಯಲು ಅಸಲಿಗಳು ನಮ್ಮ ಊರುಗಳಲ್ಲೇ ಇನ್ನೂ ಇವೆ. ಅಮೆರಿಕದ ಕಾರು ಕಟ್ಟುವವರಿಗೆ ಇಲ್ಲಿ ಈ ಅನುಕೂಲ ಇಲ್ಲ.

ಮೊದಲು ಸ್ಕೇಲ್ ಗೊತ್ತು ಮಾಡಿ. ಆಟಿಕೆಗಳು ಪೆಟ್ಟಿಗೆಯ ಅಳತೆಗೆ ತಯಾರಾಗುತ್ತವೆ, ಸ್ಕೇಲಿಗಲ್ಲ. ಅಂಬಾಸಿಡರ್‌ನ ವೀಲ್‌ಬೇಸ್, ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನದರ ನಡುವಿಗೆ, 2464 ಮಿ.ಮೀ. ನಿಮ್ಮ ಆಟಿಕೆಯಲ್ಲಿ ಅದು 70 ಮಿ.ಮೀ. ಇದ್ದರೆ ಸ್ಕೇಲ್ 1/35. 103 ಮಿ.ಮೀ. ಇದ್ದರೆ 1/24. ಇದನ್ನು ಮಾಡದೆ ಕಟ್ಟಿದ ಎಂಜಿನ್ ಒಂದೋ ಬಾನೆಟ್‌ಗೆ ತಾಗುತ್ತದೆ, ಇಲ್ಲವೇ ಹಜಾರದಲ್ಲಿ ಇಟ್ಟ ಸ್ಟೂಲಿನಂತೆ ಒಂಟಿಯಾಗಿ ಕಾಣುತ್ತದೆ.

ಎಂಜಿನ್ ಬಿಎಂಸಿ ಬಿ-ಸೀರೀಸ್ ಮನೆತನದ 1489 ಸಿಸಿಯದು ಎಂದುಕೊಳ್ಳೋಣ. ಸಾಲಿನಲ್ಲಿ ನಾಲ್ಕು ಸಿಲಿಂಡರ್, ಬೋರ್ 73.025 ಮಿ.ಮೀ., ಸ್ಟ್ರೋಕ್ 88.9 ಮಿ.ಮೀ. ಡೀಸೆಲ್ ಅಥವಾ ನಂತರದ ಇಸುಜು ಎಂಜಿನ್ನಿನ ಕಾರಾದರೆ ಕೆಳಗಿನದು ಅನ್ವಯಿಸದು. ಈ ಎಂಜಿನ್ನಿನ ಚಹರೆ ಹೀಗಿದೆ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಡೂ ಎಡಗಡೆಯೇ. ಪ್ಲಗ್‌ಗಳೂ ಡಿಸ್ಟ್ರಿಬ್ಯೂಟರೂ ಬಲಗಡೆ. ಹೊಸ ಕಾಲದ ಯಾವುದೋ ನಾಲ್ಕು ಸಿಲಿಂಡರ್ ಕಿಟ್ ಎಂಜಿನ್ ತಂದು ತಿದ್ದುವವರು ಎಡವುವುದು ಇಲ್ಲಿಯೇ, ಏಕೆಂದರೆ ಅವುಗಳಲ್ಲಿ ಇನ್‌ಟೇಕ್ ಒಂದು ಕಡೆ, ಎಕ್ಸಾಸ್ಟ್ ಇನ್ನೊಂದು ಕಡೆ. ಜೊತೆಗೆ, ಬಿ-ಸೀರೀಸ್ ಹೆಡ್‌ನಲ್ಲಿ ಎಂಟು ಪೋರ್ಟ್ ಇಲ್ಲ, ಐದೇ. ಮುಂದಿನಿಂದ ಎಕ್ಸಾಸ್ಟ್, ಇನ್‌ಟೇಕ್, ಎಕ್ಸಾಸ್ಟ್, ಇನ್‌ಟೇಕ್, ಎಕ್ಸಾಸ್ಟ್. ನಡುವಿನ ಎಕ್ಸಾಸ್ಟ್ ಪೋರ್ಟನ್ನು 2 ಮತ್ತು 3ನೇ ಸಿಲಿಂಡರ್ ಹಂಚಿಕೊಳ್ಳುತ್ತವೆ, ಇನ್‌ಟೇಕ್ ಒಂದೊಂದನ್ನು ಎರಡೆರಡು ಸಿಲಿಂಡರ್. ಹಾಗಾಗಿ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಮೂರು ಕಾಲುಗಳು ಮಾತ್ರ. ನಾಲ್ಕು ಮಾಡಬೇಡಿ. ಕಿಡಿಯ ಕ್ರಮ 1-3-4-2.

ಉಳಿದ ಅಳತೆಗೆ ಅಸಲಿ ಎಂಜಿನ್ನಿನ ಮುಂದೆ ಹದಿನೈದು ನಿಮಿಷ ಸಾಕು. ಟೇಪ್‌ನಿಂದ ರಾಕರ್ ಕವರಿನ ಉದ್ದ, ಅಗಲ, ಎತ್ತರ, ಹೆಡ್‌ನ ಉದ್ದ, ಫ್ಯಾನ್‌ನ ವ್ಯಾಸ ಬರೆದುಕೊಳ್ಳಿ. ಕೈ ಹೋಗದ ಕಡೆಗೆ ಫೋಟೋ. ಮೂರು ಮೀಟರ್ ದೂರ ನಿಂತು ಜೂಮ್ ಮಾಡಿ ತೆಗೆದರೆ ಆಕಾರ ವಕ್ರವಾಗದು. ಹತ್ತಿರದಿಂದ ಮೊಬೈಲ್‌ನಲ್ಲಿ ತೆಗೆದ ಚಿತ್ರದಲ್ಲಿ ಮುಂದಿನ ಪುಲ್ಲಿ ಊದಿಕೊಂಡು ಕಾಣುತ್ತದೆ, ಅದರಿಂದ ಅಳತೆ ತೆಗೆಯಬೇಡಿ. ಚಿತ್ರದಲ್ಲಿ ಅಳತೆಗೋಲು ಇಲ್ಲದಿದ್ದರೂ ಚಿಂತೆಯಿಲ್ಲ: ಈ ಎಂಜಿನ್ನಿನ ಪ್ಲಗ್‌ನ ಷಡ್ಭುಜ 13/16 ಇಂಚು, ಅಂದರೆ 20.6 ಮಿ.ಮೀ. ಅದನ್ನೇ ಗೋಲಾಗಿ ಇಟ್ಟುಕೊಂಡು ಅದರ ಆಸುಪಾಸಿನ ಭಾಗಗಳನ್ನು ಅಳೆಯಬಹುದು.

ಕಟ್ಟುವ ವಿಧಾನ. ಬ್ಲಾಕ್‌ಗೆ 1 ಮಿ.ಮೀ. ಸ್ಟೈರೀನ್ ಹಾಳೆಯಲ್ಲಿ ಪೆಟ್ಟಿಗೆ ಮಾಡಿ, ಒಳಗೆ ಎರಡು ಅಡ್ಡಗೋಡೆ ಕೊಡಿ, ತಳದಲ್ಲಿ 2 ಮಿ.ಮೀ. ತೂತು ಬಿಡಿ. ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಗಟ್ಟಿ ಇಟ್ಟಿಗೆ ಮಾಡುವುದು ಸುಲಭ ಅನಿಸುತ್ತದೆ, ಆದರೆ ನಡುವೆ ಸಿಕ್ಕಿಕೊಂಡ ದ್ರಾವಕ ವಾರಗಟ್ಟಲೆ ಆರುವುದಿಲ್ಲ. ಬಣ್ಣ ಹಚ್ಚಿದ ಮೇಲೆ ಗೋಡೆ ಒಳಕ್ಕೆ ಕುಸಿಯುತ್ತದೆ, ಕೂಡು ಗೆರೆಗಳು ಮತ್ತೆ ಮೇಲೆದ್ದು ಕಾಣುತ್ತವೆ. ಪೇರಿಸಲೇಬೇಕಾದ ಸಣ್ಣ ಭಾಗಗಳಿಗೆ ತೆಳು ಅಂಟನ್ನು ಬಳಸಿ, ಒತ್ತಿ ಹಿಡಿದು, 48 ಗಂಟೆ ಬಿಟ್ಟು ಆಮೇಲೆ ಫೈಲ್ ಮಾಡಿ.

ಅಂಬಾಸಿಡರ್ ಎಂಜಿನ್ನನ್ನು ನೋಡಿದ ತಕ್ಷಣ ಗುರುತಿಸುವುದು ರಾಕರ್ ಕವರಿನಿಂದ. ತಗಡು ಒತ್ತಿ ಮಾಡಿದ ಉದ್ದನೆಯ ಡಬ್ಬಿ, ಮೂಲೆಗಳೆಲ್ಲ ದುಂಡು, ನೆತ್ತಿಯ ಮೇಲೆ ಎರಡು ನಟ್, ಒಂದು ಆಯಿಲ್ ಮುಚ್ಚಳ, ಬುಡದಲ್ಲಿ ಸುತ್ತಲೂ ತೆಳು ಅಂಚು. ಇಲ್ಲಿ ಸಮಯ ಕೊಡಿ. ಮೂರು ಪದರ ಸ್ಟೈರೀನ್‌ನಿಂದ ಕಡೆದು, ಅಂಚಿಗೆ 0.25 ಮಿ.ಮೀ. ಹಾಳೆಯನ್ನು ಸುತ್ತಲೂ 0.3 ಮಿ.ಮೀ. ಹೊರಚಾಚುವಂತೆ ಅಂಟಿಸಿ. ಆ ಅಂಚು ಇಲ್ಲದಿದ್ದರೆ ಕವರ್ ಹೆಡ್‌ನಿಂದಲೇ ಬೆಳೆದಂತೆ ಕಾಣುತ್ತದೆ.

ಕಾರ್ಬುರೇಟರ್, ಪುಲ್ಲಿ, ಫಿಲ್ಟರ್‌ನಂಥ ದುಂಡು ಭಾಗಗಳಿಗೆ ಲೇತ್ ಬೇಡ. ಸ್ಟೈರೀನ್ ಕಡ್ಡಿಯನ್ನು ಕೈ ಡ್ರಿಲ್‌ಗೆ ಸಿಕ್ಕಿಸಿ ಅತಿ ನಿಧಾನದ ವೇಗದಲ್ಲಿ ತಿರುಗಿಸುತ್ತ, ಸೂಜಿ ಫೈಲ್ ಹಿಡಿಯಿರಿ, ಒಮ್ಮೆಗೆ ಎರಡು ಮೂರು ಸೆಕೆಂಡ್ ಮಾತ್ರ. ಹೆಚ್ಚು ಹೊತ್ತು ಹಿಡಿದರೆ ಪ್ಲಾಸ್ಟಿಕ್ ಕರಗಿ ಫೈಲ್‌ಗೆ ಮೆತ್ತಿಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಯಾವ ಕಾರ್ಬುರೇಟರ್ ಎಂಬುದು ಕಾರಿನ ಕಾಲವನ್ನು ಅವಲಂಬಿಸಿದೆ. ಎಸ್‌ಯು ಕಂಪನಿಯದಾದರೆ ಮೇಲೆ ಗುಮ್ಮಟದಂಥ ತಲೆ ಇರುತ್ತದೆ, ಅದನ್ನು ಈ ರೀತಿ ಚೆನ್ನಾಗಿ ಕಡೆಯಬಹುದು.

ಬೋಲ್ಟ್ ತಲೆಗಳಿಗೆ ಹೊಸ ಇಂಜೆಕ್ಷನ್ ಸೂಜಿ ತನ್ನಿ. 24ನೇ ಗೇಜಿನದರ ಹೊರ ವ್ಯಾಸ 0.57 ಮಿ.ಮೀ. ತುದಿಯನ್ನು ನೇರವಾಗಿ ಉಜ್ಜಿ, ಒಳ ಅಂಚನ್ನು ಹರಿತ ಮಾಡಿ, ತೆಳು ಸ್ಟೈರೀನ್ ಮೇಲೆ ಒತ್ತಿದರೆ ಪುಟ್ಟ ಬಿಲ್ಲೆಗಳು ಸಿಗುತ್ತವೆ.

ಪ್ರಶ್ನೆ: ಸೋಲ್ಡರ್ ತಂತಿಯಿಂದ ಎಕ್ಸಾಸ್ಟ್ ಹೆಡರ್ ಮಾಡಲು ಹೊರಟರೆ ನಾಲ್ಕು ಪೈಪುಗಳೂ ಕೊನೆಯಲ್ಲಿ ಒಂದಾಗುವ ಕಡೆ ಕೂರುವುದೇ ಇಲ್ಲ. — ಓದುಗರು, ಮೈಸೂರು

ಲೆಕ್ಕ ಮಾಡಿದರೆ ಕಾರಣ ತಿಳಿಯುತ್ತದೆ. 1 5/8 ಇಂಚಿನ ಹೆಡರ್ ಪೈಪು 1/25ರಲ್ಲಿ 1.65 ಮಿ.ಮೀ., 16ನೇ ಗೇಜ್ ಸೋಲ್ಡರ್ 1.63 ಮಿ.ಮೀ. ಆ ಆಯ್ಕೆ ಸರಿಯೇ. ಆದರೆ ಅಂಥ ನಾಲ್ಕನ್ನು ಚೌಕವಾಗಿ ಕೂಡಿಸಿದರೆ ಸುತ್ತುವ ವೃತ್ತದ ವ್ಯಾಸ 3.93 ಮಿ.ಮೀ. ನೀವು 3 ಇಂಚಿನ ಕಲೆಕ್ಟರ್‌ಗೆಂದು (ಪೈಪುಗಳು ಒಂದಾಗುವ ಭಾಗ) 3 ಮಿ.ಮೀ. ನಳಿಕೆ ತಂದಿದ್ದರೆ ಅದರೊಳಗೆ ಹೋಗುವ ಮಾತೇ ಇಲ್ಲ. ಅಸಲಿ ಕಲೆಕ್ಟರ್ ಕೂಡ ನೇರ ನಳಿಕೆಯಲ್ಲ. ನಾಲ್ಕು ಪೈಪುಗಳನ್ನು ತಬ್ಬುವ ಕಡೆ ಅಗಲವಾಗಿದ್ದು, ಹಿಂದಕ್ಕೆ ಹೋಗುತ್ತ 3 ಇಂಚಿಗೆ ಕಿರಿದಾಗುತ್ತದೆ. 4.8 ಮಿ.ಮೀ. ಸ್ಟೈರೀನ್ ನಳಿಕೆಯ ಬಾಯನ್ನು 4 ಮಿ.ಮೀ.ಗೆ ಹಿಗ್ಗಿಸಿ, ಹೊರಮೈಯನ್ನು ಇಳಿಜಾರಾಗಿ ಫೈಲ್ ಮಾಡುತ್ತ ಬಾಲದ ಕಡೆ 3.05ಕ್ಕೆ ತನ್ನಿ. ಇಳಿಜಾರಿನ ಉದ್ದ 5 ಮಿ.ಮೀ. ಇರಲಿ. ಬಾಲದಲ್ಲಿ ಗೋಡೆ ಉಳಿಯದಿದ್ದರೆ ಅಲ್ಲಿಂದ ಹಿಂದಕ್ಕೆ ಬೇರೆ 3 ಮಿ.ಮೀ. ನಳಿಕೆ ಜೋಡಿಸಿ, ಕೂಡುವಲ್ಲಿ ಎಂ-ಸೀಲ್ ತುಂಬಿ.

ಹೆಡ್‌ನ ಕಡೆಯೂ ಒಂದು ಮಾತು. ಷೆವ್ರೊಲೆ ಸ್ಮಾಲ್‌ಬ್ಲಾಕ್‌ನ ಹೆಡ್‌ನಲ್ಲಿ ನಾಲ್ಕು ಎಕ್ಸಾಸ್ಟ್ ಪೋರ್ಟ್‌ಗಳು ಸಮ ಅಂತರದಲ್ಲಿಲ್ಲ. ನಡುವಿನ ಎರಡು ಅಕ್ಕಪಕ್ಕ, ಹೊರಗಿನ ಎರಡು ದೂರ. ಫೋರ್ಡ್ 289 ಮತ್ತು 302ರಲ್ಲಿ ಸಮ ಅಂತರ. ಒಂದರ ಹೆಡರನ್ನು ಇನ್ನೊಂದಕ್ಕೆ ಹಾಕಿದರೆ ಬಲ್ಲವರ ಕಣ್ಣಿಗೆ ಕೂಡಲೇ ಹೊಡೆಯುತ್ತದೆ.

ಬಾಗಿಸುವಾಗ ಡ್ರಿಲ್ ಬಿಟ್‌ನ ಹಿಂಬದಿಯ ನುಣುಪು ಭಾಗಕ್ಕೆ ಸುತ್ತಿ, ಬೆರಳಿನಿಂದಲೇ ಬಾಗಿಸಿ. ಇಕ್ಕಳ ಬೇಕೇ ಬೇಕೆಂದರೆ ಬಾಯಿಗೆ ಟೇಪ್ ಸುತ್ತಿ, ಸೋಲ್ಡರ್‌ನಲ್ಲಿ ಉಗುರಿನ ಗುರುತೂ ಉಳಿಯುತ್ತದೆ. ಸ್ಟೈರೀನ್ ಅಂಟು ಲೋಹಕ್ಕೆ ಹಿಡಿಯದು, ಅರಾಲ್ಡೈಟ್ ಬಳಸಿ. ಪೋರ್ಟ್‌ನಲ್ಲಿ 0.5 ಮಿ.ಮೀ. ಪಿನ್ ಹಾಕಿ ಕೂರಿಸಿದರೆ ಭಾರಕ್ಕೆ ಕಳಚುವುದಿಲ್ಲ. ಸೋಲ್ಡರ್‌ನಲ್ಲಿ ಸೀಸ ಇದೆ. ಒಣ ಪುಡಿ ಏಳುವಂತೆ ಉಜ್ಜಬೇಡಿ, ಕೆಲಸ ಮುಗಿದ ಕೂಡಲೇ ಸೋಪಿನಿಂದ ಕೈ ತೊಳೆಯಿರಿ, ಮಕ್ಕಳ ಕೈಗೆ ತುಂಡು ಸಿಗದಿರಲಿ.

ಪ್ರಶ್ನೆ: ಸೂಪರ್ ಗ್ಲೂ ಹಾಕಿದ ಕಡೆ ಸುತ್ತ ಬಿಳಿ ಪುಡಿ ಕಟ್ಟುತ್ತದೆ, ಮಳೆಗಾಲದಲ್ಲಂತೂ ಹೆಚ್ಚು. — ಓದುಗರು, ಉಡುಪಿ

ಅಂಟಿನ ಆವಿ ಗಾಳಿಯ ತೇವದೊಡನೆ ಸೇರಿ ಗಟ್ಟಿಯಾಗಿ ಕೂರುವ ಪದರ ಅದು. ಕರಾವಳಿಯ ಜೂನ್-ಜುಲೈ ಅದಕ್ಕೆ ಹಬ್ಬ. ಅಂಟನ್ನು ಟ್ಯೂಬಿನಿಂದ ನೇರ ಹಾಕದೆ, ತಟ್ಟೆಯಲ್ಲಿ ಒಂದು ಹನಿ ಬಿಟ್ಟು ಸೂಜಿ ತುದಿಯಿಂದ ಮುಟ್ಟಿಸಿ. ಅಂಟಿಸಿದ ಭಾಗವನ್ನು ಡಬ್ಬಿಯಲ್ಲಿ ಮುಚ್ಚಬೇಡಿ, ಫ್ಯಾನ್ ಗಾಳಿ ಮೆಲ್ಲಗೆ ಆಡಲಿ. ಕ್ರೋಮ್ ಭಾಗದ ಹತ್ತಿರ ಸೂಪರ್ ಗ್ಲೂ ಬೇಡವೇ ಬೇಡ. ವೈರ್ ಹಿಡಿಸಲು ಬಿಳಿ ಫೆವಿಕಾಲ್ ಸಾಕು, ಅದು ಒಣಗಿದ ಮೇಲೆ ಕಾಣುವುದೂ ಇಲ್ಲ. ಈಗಾಗಲೇ ಬಿಳಿಚಿದ ಕಡೆ ಮತ್ತೆ ಬಣ್ಣ ಹಚ್ಚುವುದೇ ದಾರಿ.

ಪ್ರಶ್ನೆ: ಕ್ರೈಸ್ಲರ್‌ನ 426 ಹೆಮಿ ಎಂಜಿನ್ ಮೇಲೆ 6-71 ಸೂಪರ್‌ಚಾರ್ಜರ್ ಕೂರಿಸಿದ್ದೇನೆ. ಬೆಲ್ಟ್ ಓರೆಯಾಗಿದೆ, ಬಾನೆಟ್ ಮುಚ್ಚುತ್ತಿಲ್ಲ. — ಓದುಗರು, ಬೆಳಗಾವಿ

6-71 ಮೂಲತಃ ಜನರಲ್ ಮೋಟಾರ್ಸ್‌ನ ಟೂ-ಸ್ಟ್ರೋಕ್ ಡೀಸೆಲ್ ಎಂಜಿನ್ನಿಗೆ ಗಾಳಿ ಊದಲು ಮಾಡಿದ ಯಂತ್ರ. ಆರು ಸಿಲಿಂಡರ್, ಒಂದೊಂದು 71 ಘನ ಇಂಚು, ಅದರಿಂದ ಆ ಹೆಸರು. ರೇಸಿಂಗ್‌ನವರು ಅದನ್ನು ವಿ-8ರ ನೆತ್ತಿಗೆ ಏರಿಸಿದರು. ಕಾರ್ಖಾನೆಯ ಬಾನೆಟ್ ಕೆಳಗೆ ಅದು ಹಿಡಿಸುವ ವಸ್ತುವಲ್ಲ, ಆದ್ದರಿಂದ ಬಾನೆಟ್‌ನಲ್ಲಿ ಕಿಂಡಿ ಕತ್ತರಿಸಲೇಬೇಕು.

ಎಲ್ಲವನ್ನೂ ಅಂಟಿಲ್ಲದೆ ಜೋಡಿಸಿ ಎಂಜಿನನ್ನು ಚಾಸಿಯಲ್ಲಿ ಕೂರಿಸಿ. ಗಾಳಿಬಾಯಿಯ ತುದಿಗೆ ಒದ್ದೆ ಕುಂಕುಮ ಸವರಿ, ಬಾನೆಟನ್ನು ನೇರ ಮೇಲಿನಿಂದ ಇಳಿಸಿ ಒತ್ತಿ. ಒಳಮೈಯಲ್ಲಿ ಗುರುತು ಬೀಳುತ್ತದೆ. ಗುರುತಿನ ಒಳಗಡೆ ಸಾಲಾಗಿ 1 ಮಿ.ಮೀ. ತೂತು ಕೊರೆದು, ತುಂಡು ತೆಗೆದು, ಫೈಲ್‌ನಿಂದ ಸ್ವಲ್ಪಸ್ವಲ್ಪವೇ ಅಗಲ ಮಾಡಿ. ಸುತ್ತಲೂ 1.5 ಮಿ.ಮೀ. ಸಂದು ಸಾಕು. ಎಂಜಿನ್ ಓಡುವಾಗ ಅಲುಗುವ ಜಾಗ ಅದು, ಅಸಲಿಯಲ್ಲೂ ಇರುತ್ತದೆ.

ಬೆಲ್ಟ್ ಓರೆಯಾಗಲು ಕಾರಣ ಒಂದೇ: ಕ್ರ್ಯಾಂಕ್ ಪುಲ್ಲಿಯೂ ಮೇಲಿನ ಪುಲ್ಲಿಯೂ ಒಂದೇ ಸಮತಲದಲ್ಲಿಲ್ಲ. ಮುಂಭಾಗಕ್ಕೆ ಸ್ಟೀಲ್ ಸ್ಕೇಲ್ ಒತ್ತಿ ನೋಡಿ. ಸಂದು ಬಿಟ್ಟ ಪುಲ್ಲಿಯ ಹಿಂದೆ ಸ್ಟೈರೀನ್ ಬಿಲ್ಲೆ ಕೊಟ್ಟು ಮುಂದಕ್ಕೆ ತನ್ನಿ. ಬೆಲ್ಟ್‌ನ ಅಗಲ 3 ಇಂಚು, 1/25ರಲ್ಲಿ 3.05 ಮಿ.ಮೀ. ಅರ್ಧ ಇಂಚಿಗೊಂದು ಹಲ್ಲಿನ ಬೆಲ್ಟ್ ಆದರೆ ಹಲ್ಲುಗಳ ಅಂತರ 0.5 ಮಿ.ಮೀ. 0.25 ಮಿ.ಮೀ. ಸ್ಟೈರೀನ್ ಪಟ್ಟಿಯ ಒಂದು ಮುಖದಲ್ಲಿ ಆ ಅಂತರಕ್ಕೆ ಬ್ಲೇಡಿನಿಂದ ಗೀರಿ, ಬಿಸಿನೀರಲ್ಲಿ ಅದ್ದಿ ಪುಲ್ಲಿಗೆ ಸುತ್ತಿ. ಗೀರುಗಳು ಒಳಮುಖಕ್ಕೆ. ಸೈಕಲ್ ಟ್ಯೂಬಿನ ರಬ್ಬರ್ ಬಳಸುವವರಿದ್ದಾರೆ, ಆದರೆ ಅದರ ದಪ್ಪ ಅಸಲಿ ಲೆಕ್ಕದಲ್ಲಿ 2 ಸೆಂ.ಮೀ. ದಾಟುತ್ತದೆ.

ಹೆಮಿಯಲ್ಲಿ ಡಿಸ್ಟ್ರಿಬ್ಯೂಟರ್ ಮುಂದುಗಡೆ ಬಲಕ್ಕೆ ವಾಲಿ ನಿಂತಿದೆ, ಬೆಲ್ಟ್‌ನ ಪಕ್ಕದಲ್ಲೇ. ಬೆಲ್ಟ್ ಹಾಕುವ ಮೊದಲೇ ಅದರ ವೈರ್‌ಗಳ ದಾರಿ ನೋಡಿಕೊಳ್ಳಿ. ಪ್ಲಗ್‌ಗಳು ಹೆಡ್‌ನ ಹೊರಬದಿಯಲ್ಲಿಲ್ಲ, ವಾಲ್ವ್ ಕವರಿನ ನಡುಗೆರೆಯಲ್ಲಿ ನಾಲ್ಕು ತೂತುಗಳೊಳಗೆ ಇಳಿಯುತ್ತವೆ. ಕಿಡಿಯ ಕ್ರಮ ಷೆವ್ರೊಲೆಯದೇ, ಸುತ್ತುವುದು ಮಾತ್ರ ಎದುರು ದಿಕ್ಕಿಗೆ.

ಪ್ರಶ್ನೆ: ಎಂಜಿನ್‌ಗೆ ಯಾವ ಬಣ್ಣ? ಎಷ್ಟು ಸಲ ಹಚ್ಚಿದರೂ ಪ್ಲಾಸ್ಟಿಕ್‌ನಂತೆಯೇ ಕಾಣುತ್ತದೆ. — ಓದುಗರು, ಬೆಂಗಳೂರು

ಮೊದಲು ಇಸವಿ ನೋಡಿ. ಷೆವ್ರೊಲೆ ವಿ-8ಗಳು 1960ರ ದಶಕದಲ್ಲಿ ಕಿತ್ತಳೆ, 1977ರಿಂದ ನೀಲಿ. ಫೋರ್ಡ್ 1966ರಿಂದ ನೀಲಿ. ಬೀದಿಗಿಳಿದ ಹೆಮಿ ಕಿತ್ತಳೆ. ಷೆವ್ರೊಲೆ ಕಿತ್ತಳೆಗೆ ಟಮಿಯಾ ಕಂಪನಿಯ ಎಕ್ಸ್-6 ಕಿತ್ತಳೆ ಬಣ್ಣಕ್ಕೆ ಐದರಲ್ಲಿ ಒಂದು ಪಾಲು ಎಕ್ಸ್-7 ಕೆಂಪು ಬೆರೆಸಿದರೆ ಹತ್ತಿರ ಬರುತ್ತದೆ.

ಪ್ಲಾಸ್ಟಿಕ್‌ನಂತೆ ಕಾಣಲು ಕಾರಣ ಎಲ್ಲ ಭಾಗಗಳಿಗೂ ಒಂದೇ ಹೊಳಪು ಇರುವುದು. ಬ್ಲಾಕ್ ಎರಕದ ಕಬ್ಬಿಣ, ಮೈ ತುಸು ಒರಟು. ಪ್ರೈಮರನ್ನು ಸ್ವಲ್ಪ ದೂರದಿಂದ, ಅರೆ ಒಣಗಿ ಬೀಳುವಂತೆ ಸಿಂಪಡಿಸಿದರೆ ಆ ಒರಟು ಬರುತ್ತದೆ, ಮೇಲೆ ಅರೆ ಹೊಳಪಿನ ಬಣ್ಣ. ಗೇರ್‌ಬಾಕ್ಸ್ ಅಲ್ಯುಮಿನಿಯಂ ಆದರೆ ಎಕ್ಸ್‌ಎಫ್-16. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಕ್ಸ್‌ಎಫ್-84, ಅದಕ್ಕೆ ಹೊಳಪು ಬೇಡ. ಹೋಸ್‌ಗಳಿಗೆ ಕಡುಗಪ್ಪು ಬೇಡ, ಎಕ್ಸ್‌ಎಫ್-85 ರಬ್ಬರ್ ಕಪ್ಪು. ಕಾರ್ಖಾನೆಯಲ್ಲಿ ಜೋಡಿಸಿದ ಎಂಜಿನ್ ಮೇಲೆಯೇ ಬಣ್ಣ ಸಿಂಪಡಿಸುತ್ತಿದ್ದರಿಂದ ಎರಕದ ಕಬ್ಬಿಣದ ಇನ್‌ಟೇಕ್ ಮ್ಯಾನಿಫೋಲ್ಡ್ ಕೂಡ ಕಿತ್ತಳೆಯೇ. ಎಕ್ಸಾಸ್ಟ್ ಮೇಲೆ ಬಿದ್ದ ಬಣ್ಣ ಕೆಲವೇ ದಿನದಲ್ಲಿ ಸುಟ್ಟು ಹೋಗುತ್ತಿತ್ತು. ಬಳಕೆಯ ಕಾರಾದರೆ ಕೊನೆಗೆ ಕಂದು ಎಣ್ಣೆ ಬಣ್ಣವನ್ನು ವೈಟ್ ಸ್ಪಿರಿಟ್‌ನಲ್ಲಿ ನೀರಿನಷ್ಟು ತೆಳು ಮಾಡಿ ಬೋಲ್ಟ್‌ಗಳ ಬುಡಕ್ಕೆ ಬಿಡಿ. ಕೆಳಗಿನ ಅಕ್ರಿಲಿಕ್ ಒಂದು ದಿನ ಒಣಗಿರಬೇಕು.

ಪ್ರಶ್ನೆ: ರೇಡಿಯೇಟರ್ ಹೋಸ್, ಹೀಟರ್ ಹೋಸ್, ಇಂಧನ ಪೈಪು, ಇವುಗಳ ದಪ್ಪ? — ಓದುಗರು, ದಾವಣಗೆರೆ

ಅಮೆರಿಕದ ವಿ-8, 1/25 ಸ್ಕೇಲಿಗೆ: ಮೇಲಿನ ರೇಡಿಯೇಟರ್ ಹೋಸ್ 1.6ರಿಂದ 1.8 ಮಿ.ಮೀ., ಹೀಟರ್ ಹೋಸ್ 1 ಮಿ.ಮೀ., 3/8 ಇಂಚಿನ ಇಂಧನ ಪೈಪು 0.38 ಮಿ.ಮೀ., ಇದಕ್ಕೆ 28ನೇ ಗೇಜ್ ತಂತಿ ಸರಿಹೊಂದುತ್ತದೆ. ಬ್ಯಾಟರಿ ಕೇಬಲ್‌ಗೆ 26ನೇ ಗೇಜ್, 0.457 ಮಿ.ಮೀ. ಹೋಸ್ ಕ್ಲಾಂಪ್‌ಗೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲನ್ನು 0.5 ಮಿ.ಮೀ. ಪಟ್ಟಿಯಾಗಿ ಕತ್ತರಿಸಿ ಸುತ್ತಿ. ಯಾವ ಹೋಸ್ ಹಾಕಿದರೂ ಎರಡೂ ತುದಿ ಒಂದು ಭಾಗದಲ್ಲಿ ಕೊನೆಗೊಳ್ಳಲಿ. ಫೈರ್‌ವಾಲ್‌ಗೆ (ಎಂಜಿನ್ ಹಿಂದಿನ ಗೋಡೆ) ತೂತಿಲ್ಲದೆ ಅಂಟಿಸಿದ ಹೀಟರ್ ಹೋಸ್‌ಗಿಂತ ಹೋಸ್ ಇಲ್ಲದಿರುವುದೇ ವಾಸಿ.

ಪ್ರಶ್ನೆ: ಎಲ್ಲ ವೈರ್ ಹಾಕಿ ಮುಗಿಸಿದ ಎಂಜಿನ್, ಬಾಡಿ ಇಳಿಸುವಾಗ ಡಿಸ್ಟ್ರಿಬ್ಯೂಟರ್ ಫೈರ್‌ವಾಲ್‌ಗೆ ತಗುಲಿ ಮುರಿಯಿತು. — ಓದುಗರು, ಕಲಬುರಗಿ

ಡಿಸ್ಟ್ರಿಬ್ಯೂಟರ್ ಹಿಂದಿರುವ ಎಂಜಿನ್‌ಗಳಲ್ಲಿ ಇದು ಸಾಮಾನ್ಯ. ಅನೇಕ ಕಿಟ್‌ಗಳಲ್ಲಿ ಫೈರ್‌ವಾಲ್ ಬಾಡಿಗೆ ಸೇರಿಯೇ ಇರುತ್ತದೆ, ಬಾಡಿಯೂ ನೇರ ಇಳಿಯದೆ ಓರೆಯಾಗಿ ಇಳಿಯುತ್ತದೆ, ಹಾಗಾಗಿ ಕೂತ ಮೇಲೆ 1 ಮಿ.ಮೀ. ಸಂದು ಇದ್ದರೂ ದಾರಿಯಲ್ಲಿ ತಗಲುತ್ತದೆ. ಮುರಿದ ಬುಡದಲ್ಲಿ 0.8 ಮಿ.ಮೀ. ತೂತು ಕೊರೆದು, ಡಿಸ್ಟ್ರಿಬ್ಯೂಟರ್ ತಳಕ್ಕೆ 20ನೇ ಗೇಜ್ ತಂತಿ ಪಿನ್ ಹಾಕಿ. ಆ ತಂತಿ 0.91 ಮಿ.ಮೀ., ತೂತನ್ನು ಎಮರಿ ಪೇಪರ್ ಸುತ್ತಿದ ಸೂಜಿಯಿಂದ ಬಿಗಿಯಾಗಿ ಕೂರುವಷ್ಟೇ ಹಿಗ್ಗಿಸಿ. ಅಂಟು ಬೇಡ. ವೈರ್‌ಗಳ ಪ್ಲಗ್ ತುದಿ ಅಂಟಿರಲಿ, ಡಿಸ್ಟ್ರಿಬ್ಯೂಟರ್ ಮಾತ್ರ ಕಳಚಿ ಮುಂದಕ್ಕೆ ಬಾಗುವಂತಿರಲಿ. ಬಾಡಿ ಇಳಿಸಿದ ಮೇಲೆ ಬಾನೆಟ್ ಕಿಂಡಿಯಿಂದ ಚಿಮುಟದಲ್ಲಿ ಹಿಡಿದು ಪಿನ್ ತೂತಿಗೆ ಒತ್ತಿ. ಇದಕ್ಕಾಗಿ ಪ್ರತಿ ವೈರ್‌ಗೂ 4 ಮಿ.ಮೀ. ಸಡಿಲ ಬೇಕು, ಮುರಿದ ಎಂಜಿನ್‌ನಲ್ಲಿ ಅಷ್ಟು ಇಲ್ಲದಿದ್ದರೆ ಎಂಟನ್ನೂ ಬದಲಿಸಿ.